ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಬಾಹ್ಯ ಫ್ಲ್ಯಾಷ್ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಛಾಯಾಗ್ರಹಣವನ್ನು ಸ್ವಯಂ ಉದ್ಯೋಗವಾಗಿ ಕೈಗೊಳ್ಳುವವರು ಹಾಗೂ ಸಣ್ಣ ಸ್ಟುಡಿಯೊಗಳನ್ನು ನಡೆಸುವವರು ತಮ್ಮ ಬಂಡವಾಳದ ಬಹುಭಾಗವನ್ನು ಕ್ಯಾಮೆರಾ ಮತ್ತು ಲೆನ್ಸ್‌ಗಳಿಗೆ ವಿನಿಯೋಗಿಸಿ, ಉಳಿದ ಹಣದಲ್ಲಿ ದೊರೆತ ಫ್ಲ್ಯಾಷ್ ಒಂದನ್ನು ಕೊಳ್ಳುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಆದರೆ ಮದುವೆ, ನಾಮಕರಣ, ಗೃಹಪ್ರವೇಶ ಮುಂತಾದ ಸಮಾರಂಭಗಳು ಹೆಚ್ಚಾಗಿ ಬೆಳಕು ಕಡಿಮೆ ಇರುವ ಒಳಾಂಗಣಗಳಲ್ಲಿ ನಡೆಯುವುದರಿಂದ ಚಿತ್ರದ ಗುಣಮಟ್ಟವನ್ನು ಕ್ಯಾಮೆರಾದಷ್ಟೇ ಫ್ಲ್ಯಾಷ್ ಕೂಡ ನಿರ್ಧರಿಸುತ್ತದೆ. ಧಾರೆ ಎರೆಯುವ ಅಥವಾ ಮಾಂಗಲ್ಯಧಾರಣೆಯ ಗಳಿಗೆಯು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಆ ಸಮಯದಲ್ಲಿ ಫ್ಲ್ಯಾಷ್ ಬೆಳಗದಿದ್ದಲ್ಲಿ ಅದನ್ನು ಮತ್ತೊಮ್ಮೆ ನಡೆಸುವಂತೆ ಯಾರನ್ನೂ ಕೇಳಲಾಗುವುದಿಲ್ಲ. ಅದರಿಂದಾಗುವ ನಷ್ಟವು ಆ ಕುಟುಂಬಕ್ಕೂ, ಛಾಯಾಗ್ರಾಹಕರ ಹೆಸರಿಗೂ ಆಗುತ್ತದೆ.

ಈ ಹಿನ್ನೆಲೆಯಲ್ಲಿ ಬಾಹ್ಯ ಫ್ಲ್ಯಾಷ್ ಖರೀದಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ. ಪೆಟ್ಟಿಗೆಯ ಮೇಲೆ ಮುದ್ರಿತವಾದ ದೊಡ್ಡ ಸಂಖ್ಯೆಯನ್ನಾಗಲಿ, ಬೆಲೆಯನ್ನಾಗಲಿ ನೋಡದೆ, ತಮ್ಮ ಕ್ಯಾಮೆರಾ ಯಾವುದು ಮತ್ತು ತಾವು ಕೆಲಸ ಮಾಡುವ ಸ್ಥಳಗಳು ಎಂತಹವು ಎಂಬುದನ್ನು ಆಧರಿಸಿ ಆಯ್ಕೆ ಮಾಡತಕ್ಕದ್ದು ಎಂಬುದೇ ಈ ಮಾಹಿತಿಯ ಮುಖ್ಯಾಂಶವಾಗಿರುತ್ತದೆ.

2. ಕ್ಯಾಮೆರಾದಲ್ಲಿಯೇ ಅಳವಡಿಸಿರುವ ಫ್ಲ್ಯಾಷ್ ಏಕೆ ಸಾಲದು

ಆರಂಭಿಕ ದರ್ಜೆಯ ಹಲವು ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಮೇಲಕ್ಕೆ ತೆರೆದುಕೊಳ್ಳುವ ಚಿಕ್ಕ ಫ್ಲ್ಯಾಷ್ ಇರುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಮಿತಿಗಳಿವೆ.

(ಅ) ಶಕ್ತಿ ಕಡಿಮೆ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ. ಅಂದರೆ ದೂರವು ಎರಡು ಪಟ್ಟಾದಾಗ ವಸ್ತುವಿನ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಈ ಕಾರಣದಿಂದ ಮುಂದಿನ ಸಾಲಿನಲ್ಲಿ ಕುಳಿತವರು ಬೆಳ್ಳಗೆ, ಹಿಂದಿನ ಸಾಲಿನವರು ಕತ್ತಲಲ್ಲಿ ಕಾಣಿಸುತ್ತಾರೆ.

(ಆ) ಇದು ಲೆನ್ಸ್‌ಗೆ ಅತಿ ಸಮೀಪದಲ್ಲಿದೆ. ಬೆಳಕು ಕಣ್ಣಿನ ಪಾಪೆಯ ಮೂಲಕ ಒಳಹೊಕ್ಕು, ರಕ್ತನಾಳಗಳಿಂದ ತುಂಬಿದ ಅಕ್ಷಿಪಟಲದ ಭಾಗದಿಂದ ಪ್ರತಿಫಲಿಸಿ ನೇರವಾಗಿ ಲೆನ್ಸ್‌ಗೆ ಹಿಂತಿರುಗುವುದರಿಂದ ಚಿತ್ರದಲ್ಲಿ ಕಣ್ಣುಗಳು ಕೆಂಪಾಗಿ ಮೂಡುತ್ತವೆ.

(ಇ) ಬೆಳಕಿನ ದಿಕ್ಕನ್ನು ಬದಲಿಸಲು ಸಾಧ್ಯವಿಲ್ಲ. ಮುಖದ ಮೇಲೆ ನೇರವಾಗಿ ಬೀಳುವ ಬೆಳಕಿನಿಂದ ಮುಖವು ಚಪ್ಪಟೆಯಾಗಿ ಕಾಣುತ್ತದೆ, ಹಿಂದಿನ ಗೋಡೆಯ ಮೇಲೆ ಕಡುನೆರಳು ಬೀಳುತ್ತದೆ.

ಬಾಹ್ಯ ಫ್ಲ್ಯಾಷ್ ಈ ಮೂರನ್ನೂ ಸರಿಪಡಿಸಬಲ್ಲದು. ಆದರೆ ಎಲ್ಲ ಬಾಹ್ಯ ಫ್ಲ್ಯಾಷ್‌ಗಳೂ ಮೂರನ್ನೂ ಸರಿಪಡಿಸುವುದಿಲ್ಲ.

3. ಮೊದಲನೆಯ ಪರಿಶೀಲನೆ: ಕ್ಯಾಮೆರಾದೊಂದಿಗೆ ಹೊಂದಾಣಿಕೆ

ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಷ್ ಕೂರಿಸುವ ಲೋಹದ ಪಟ್ಟಿಗೆ ಹಾಟ್ ಶೂ ಎಂದು ಹೆಸರು. ಅದರ ನಡುವಿನ ದೊಡ್ಡ ಬಿಂದುವು ಫ್ಲ್ಯಾಷ್ ಬೆಳಗಲು ಸಂಕೇತ ನೀಡುತ್ತದೆ. ಸುತ್ತಲಿನ ಸಣ್ಣ ಬಿಂದುಗಳು ಬೆಳಕಿನ ಅಳತೆಯ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಈ ಸಣ್ಣ ಬಿಂದುಗಳ ವ್ಯವಸ್ಥೆಯು ಒಂದೊಂದು ತಯಾರಕ ಸಂಸ್ಥೆಗೆ ಒಂದೊಂದು ರೀತಿಯದಾಗಿರುತ್ತದೆ. ಆದುದರಿಂದ ಕ್ಯಾನನ್ ಕ್ಯಾಮೆರಾಕ್ಕೆ ತಯಾರಾದ ಫ್ಲ್ಯಾಷ್ ನಿಕಾನ್ ಕ್ಯಾಮೆರಾದ ಮೇಲೆ ಕುಳಿತರೂ ಸ್ವಯಂಚಾಲಿತವಾಗಿ ಕೆಲಸ ಮಾಡುವುದಿಲ್ಲ. ಗೋಡಾಕ್ಸ್‌ನಂತಹ ಇತರ ಸಂಸ್ಥೆಗಳ ಫ್ಲ್ಯಾಷ್‌ಗಳು ಒಂದೇ ಮಾದರಿಯಲ್ಲಿ ಕ್ಯಾನನ್, ನಿಕಾನ್, ಸೋನಿ ಎಂಬ ಪ್ರತ್ಯೇಕ ಆವೃತ್ತಿಗಳಲ್ಲಿ ಬರುತ್ತವೆ. ತಮ್ಮ ಕ್ಯಾಮೆರಾಕ್ಕೆ ಸೇರಿದ ಆವೃತ್ತಿಯನ್ನೇ ಕೇಳಿ ಪಡೆಯತಕ್ಕದ್ದು.

ಈ ಕೆಳಕಂಡ ವಿಶೇಷ ಸಂದರ್ಭಗಳನ್ನು ಖರೀದಿದಾರರು ಗಮನಿಸುವುದು ಅವಶ್ಯ.

(ಅ) ಕ್ಯಾನನ್‌ನ ಇಒಎಸ್ 1500ಡಿ, 3000ಡಿ ಹಾಗೂ 2019ರಲ್ಲಿ ಬಿಡುಗಡೆಯಾದ 200ಡಿ ಎರಡನೇ ಆವೃತ್ತಿಯ ಕ್ಯಾಮೆರಾಗಳಲ್ಲಿ ಹಾಟ್ ಶೂವಿನ ನಡುವಿನ ಬಿಂದುವೇ ಇರುವುದಿಲ್ಲ. ಒಂದೇ ಬಿಂದುವಿನ ಅಗ್ಗದ ಫ್ಲ್ಯಾಷ್‌ಗಳು ಹಾಗೂ ಟ್ರಿಗರ್‌ಗಳು ಈ ಕ್ಯಾಮೆರಾಗಳ ಮೇಲೆ ಬೆಳಗುವುದೇ ಇಲ್ಲ. ಈ ಕ್ಯಾಮೆರಾ ಉಳ್ಳವರು ಕೊಳ್ಳುವ ಮುನ್ನ ತಮ್ಮ ಕ್ಯಾಮೆರಾವನ್ನೇ ಅಂಗಡಿಗೆ ಕೊಂಡೊಯ್ದು ಪರೀಕ್ಷಿಸುವುದು ಕ್ಷೇಮ.

(ಆ) ಮಿನೋಲ್ಟಾ ಸಂಸ್ಥೆಯು 1988ರಿಂದ ಬಳಸಿದ ವಿಶೇಷ ಶೂವನ್ನೇ ಸೋನಿ ತನ್ನ ಹಳೆಯ ಕ್ಯಾಮೆರಾಗಳಲ್ಲಿ ಮುಂದುವರಿಸಿತ್ತು. 2012ರಿಂದ ಹೊಸ ಬಗೆಯ ಶೂ ಬಂದಿದೆ. ಹಳೆಯ ಸೋನಿ ಕ್ಯಾಮೆರಾ ಹೊಂದಿರುವವರು ಈ ವ್ಯತ್ಯಾಸವನ್ನು ಖಚಿತಪಡಿಸಿಕೊಳ್ಳಬೇಕು.

(ಇ) ಫಿಲ್ಮ್ ಕಾಲದ ಹಳೆಯ ಫ್ಲ್ಯಾಷ್‌ಗಳು ಹಳೆಯ ಸಾಮಗ್ರಿಗಳ ಮಾರುಕಟ್ಟೆಯಲ್ಲಿ ಅತಿ ಕಡಿಮೆ ಬೆಲೆಗೆ ದೊರೆಯುತ್ತವೆ. ಇವುಗಳಲ್ಲಿ ಕೆಲವು ಫ್ಲ್ಯಾಷ್‌ಗಳು ಶೂವಿನ ಬಿಂದುವಿಗೆ 200 ವೋಲ್ಟ್‌ಗೂ ಮೀರಿದ ವಿದ್ಯುತ್ತನ್ನು ಹಾಯಿಸುತ್ತವೆ. ಅಷ್ಟು ವೋಲ್ಟೇಜನ್ನು ತಾಳದ ಡಿಜಿಟಲ್ ಕ್ಯಾಮೆರಾದ ಒಳಗಿನ ವಿದ್ಯುನ್ಮಂಡಲವು ಇದರಿಂದ ಕೆಡುವ ಸಂಭವವಿದೆ. ಅಲ್ಲದೆ ಫಿಲ್ಮ್ ಕಾಲದ ಟಿಟಿಎಲ್ ವ್ಯವಸ್ಥೆಯು ಡಿಜಿಟಲ್ ಕ್ಯಾಮೆರಾಗಳಲ್ಲಿ ಕೆಲಸ ಮಾಡುವುದಿಲ್ಲ. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕಾಗಿ ಕ್ಯಾಮೆರಾವನ್ನು ಅಪಾಯಕ್ಕೆ ಒಡ್ಡಬಾರದು.

(ಈ) ಮುಂದೆ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವ ಆಲೋಚನೆ ಇರುವವರು ತಮ್ಮ ಫ್ಲ್ಯಾಷ್ ಅದಕ್ಕೂ ಹೊಂದುವುದೇ ಎಂದು ವಿಚಾರಿಸಬೇಕು. ಕ್ಯಾನನ್ ಹಾಗೂ ನಿಕಾನ್‌ನ ಡಿಜಿಟಲ್ ಕಾಲದ ಫ್ಲ್ಯಾಷ್‌ಗಳು ಸಾಮಾನ್ಯವಾಗಿ ಅದೇ ಸಂಸ್ಥೆಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿಯೂ ಬಳಕೆಗೆ ಬರುತ್ತವೆ. ಕ್ಯಾನನ್ ಇಒಎಸ್ ಆರ್50ರಂತಹ ಕೆಲವು ಮಾದರಿಗಳಿಗೆ ಮಾತ್ರ ಹಳೆಯ ಫ್ಲ್ಯಾಷ್ ಕೂರಿಸಲು ಪ್ರತ್ಯೇಕ ಅಡಾಪ್ಟರ್ ಬೇಕಾಗುತ್ತದೆ.

4. ಗೈಡ್ ನಂಬರನ್ನು ಓದುವ ಕ್ರಮ

ಫ್ಲ್ಯಾಷ್‌ನ ಶಕ್ತಿಯನ್ನು ಗೈಡ್ ನಂಬರ್ ಎಂಬ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಫ್ಲ್ಯಾಷ್‌ನಿಂದ ವಸ್ತುವಿಗಿರುವ ದೂರವನ್ನು ಅಪರ್ಚರ್ ಸಂಖ್ಯೆಯಿಂದ ಗುಣಿಸಿದಾಗ ಬರುವ ಮೊತ್ತವೇ ಗೈಡ್ ನಂಬರ್. ಉದಾಹರಣೆಗೆ, ಐಎಸ್‌ಒ 100ರಲ್ಲಿ ಮೀಟರ್ ಲೆಕ್ಕದಲ್ಲಿ ಗೈಡ್ ನಂಬರ್ 40 ಆಗಿದ್ದಲ್ಲಿ, 5 ಮೀಟರ್ ದೂರದಲ್ಲಿರುವ ವ್ಯಕ್ತಿಗೆ 40ನ್ನು 5ರಿಂದ ಭಾಗಿಸಿ ಎಫ್ 8 ಅಪರ್ಚರ್ ದೊರೆಯುತ್ತದೆ. ಐಎಸ್‌ಒ ಪ್ರಮಾಣವನ್ನು ನಾಲ್ಕು ಪಟ್ಟು ಏರಿಸಿದರೆ ಗೈಡ್ ನಂಬರ್ ಎರಡು ಪಟ್ಟಾಗುತ್ತದೆ. ಅಂದರೆ ಇದೇ ಫ್ಲ್ಯಾಷ್‌ನ ಗೈಡ್ ನಂಬರ್ ಐಎಸ್‌ಒ 400ರಲ್ಲಿ 80 ಆಗುತ್ತದೆ.

ಆದರೆ ಎರಡು ಫ್ಲ್ಯಾಷ್‌ಗಳ ಗೈಡ್ ನಂಬರ್‌ಗಳನ್ನು ಹೋಲಿಸುವಾಗ ಎಚ್ಚರಿಕೆ ಅಗತ್ಯ. ಫ್ಲ್ಯಾಷ್‌ನ ತಲೆಯೊಳಗಿನ ಜೂಮ್ ವ್ಯವಸ್ಥೆಯು ಬೆಳಕನ್ನು ಕಿರಿದಾಗಿ ಒಗ್ಗೂಡಿಸಿದಾಗ ಅದು ಹೆಚ್ಚು ದೂರ ಮುಟ್ಟುತ್ತದೆ, ಸಂಖ್ಯೆಯೂ ದೊಡ್ಡದಾಗುತ್ತದೆ. ಕ್ಯಾನನ್ ಸಂಸ್ಥೆಯು ತನ್ನ ಸ್ಪೀಡ್‌ಲೈಟ್ 600ಇಎಕ್ಸ್-ಆರ್‌ಟಿ ಮಾದರಿಗೆ 60 ಎಂದು ಘೋಷಿಸಿರುವುದು 200 ಮಿ.ಮೀ. ಜೂಮ್‌ನಲ್ಲಿ. ನಿಕಾನ್ ಸಂಸ್ಥೆಯು ಎಸ್‌ಬಿ-5000 ಮಾದರಿಗೆ 34.5 ಎಂದು ಘೋಷಿಸಿರುವುದು 35 ಮಿ.ಮೀ. ಜೂಮ್‌ನಲ್ಲಿ. ಸಂಖ್ಯೆಗಳನ್ನಷ್ಟೇ ನೋಡಿದವರಿಗೆ ಮೊದಲನೆಯದು ಎರಡನೆಯದಕ್ಕಿಂತ ಬಹಳ ಬಲಶಾಲಿ ಎನಿಸುವುದು ಸಹಜ. ಆದರೆ ಮೊದಲನೆಯದನ್ನೂ 35 ಮಿ.ಮೀ.ಗೆ ತಂದು ನೋಡಿದಾಗ ಅದರ ಗೈಡ್ ನಂಬರ್ ಸುಮಾರು 36 ಮಾತ್ರ. ಅಂದರೆ ಇವೆರಡರ ಶಕ್ತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ.

ಆದುದರಿಂದ ಹೋಲಿಕೆ ಮಾಡುವಾಗ ಮೂರು ಅಂಶಗಳು ಒಂದೇ ಆಗಿರತಕ್ಕದ್ದು: ಐಎಸ್‌ಒ 100, ಮೀಟರ್ ಲೆಕ್ಕ, ಹಾಗೂ 35 ಮಿ.ಮೀ. ಜೂಮ್. ಕೆಲವು ಪೆಟ್ಟಿಗೆಗಳ ಮೇಲೆ ಅಡಿ ಲೆಕ್ಕದಲ್ಲಿ ಸಂಖ್ಯೆ ಇರುತ್ತದೆ. ಇದು ಮೀಟರ್ ಲೆಕ್ಕದ ಸಂಖ್ಯೆಗಿಂತ ಸುಮಾರು 3.3 ಪಟ್ಟು ದೊಡ್ಡದಾಗಿ ಕಾಣುತ್ತದೆ.

5. ತಿರುಗುವ ತಲೆ ಮತ್ತು ಛಾವಣಿಯ ಲೆಕ್ಕ

ಬಾಹ್ಯ ಫ್ಲ್ಯಾಷ್‌ನಲ್ಲಿ ಅತ್ಯಂತ ಪ್ರಯೋಜನಕಾರಿಯಾದ ಸೌಲಭ್ಯವೆಂದರೆ ಮೇಲಕ್ಕೆ ಹಾಗೂ ಪಕ್ಕಕ್ಕೆ ತಿರುಗುವ ತಲೆ. ಫ್ಲ್ಯಾಷ್ ಅನ್ನು ಮುಖಕ್ಕೆ ನೇರವಾಗಿ ಹಿಡಿಯದೆ ಬಿಳಿ ಛಾವಣಿಗೆ ಅಥವಾ ಗೋಡೆಗೆ ತಿರುಗಿಸಿದಾಗ ಆ ಇಡೀ ಮೇಲ್ಮೈಯೇ ದೊಡ್ಡ ದೀಪದಂತೆ ಕೆಲಸ ಮಾಡಿ, ಬೆಳಕು ಮೃದುವಾಗಿ ಎಲ್ಲರ ಮೇಲೂ ಹರಡುತ್ತದೆ. ಮೇಲಕ್ಕೆ ಮಾತ್ರ ಬಾಗುವ ತಲೆ ಸಾಲದು. ಕ್ಯಾಮೆರಾವನ್ನು ನೀಳವಾಗಿ ಹಿಡಿದಾಗ ಅದು ಪಕ್ಕದ ಗೋಡೆಯನ್ನು ನೋಡುತ್ತದೆಯೇ ಹೊರತು ಛಾವಣಿಯನ್ನಲ್ಲ. ಆದ್ದರಿಂದ ಎರಡೂ ದಿಕ್ಕಿಗೆ ತಿರುಗುವ ತಲೆ ಇರುವುದನ್ನೇ ಆರಿಸತಕ್ಕದ್ದು.

ಹೀಗೆ ಛಾವಣಿಗೆ ಬಡಿಸಿ ಬೆಳಕು ಪಡೆಯುವಾಗ ಶಕ್ತಿ ಎಷ್ಟು ವ್ಯಯವಾಗುತ್ತದೆ ಎಂಬುದನ್ನು ಈ ಕೆಳಗಿನ ಲೆಕ್ಕದಿಂದ ತಿಳಿಯಬಹುದು. ಐಎಸ್‌ಒ 100ರಲ್ಲಿ ಗೈಡ್ ನಂಬರ್ 36 ಇರುವ ಫ್ಲ್ಯಾಷ್ ಅನ್ನು ಐಎಸ್‌ಒ 400ರಲ್ಲಿ ಬಳಸಲಾಗುತ್ತಿದೆ ಎಂದಿಟ್ಟುಕೊಂಡರೆ ಗೈಡ್ ನಂಬರ್ 72 ಆಗುತ್ತದೆ. ಫ್ಲ್ಯಾಷ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿಯೂ, ವ್ಯಕ್ತಿಗಳು 4 ಮೀಟರ್ ದೂರದಲ್ಲಿಯೂ ಇರುವರೆಂದು ಭಾವಿಸಲಾಗಿದೆ.

(ಅ) 3 ಮೀಟರ್ ಎತ್ತರದ ಮನೆಯ ಛಾವಣಿ: ಬೆಳಕು ಮೇಲೇರಿ ಇಳಿಯುವ ಒಟ್ಟು ದಾರಿ ಸುಮಾರು 5 ಮೀಟರ್. 72ನ್ನು 5ರಿಂದ ಭಾಗಿಸಿದರೆ ಎಫ್ 14. ಛಾವಣಿಯು ಬೆಳಕನ್ನು ಚದುರಿಸಿ ಹೀರುವುದರಿಂದ ಎರಡು ಸ್ಟಾಪ್‌ಗಳಷ್ಟು ನಷ್ಟವಾದಲ್ಲಿ ಉಳಿಯುವುದು ಎಫ್ 7. ಇದು ಕೆಲಸಕ್ಕೆ ಸಾಕು.

(ಆ) 6 ಮೀಟರ್ ಎತ್ತರದ ಕಲ್ಯಾಣ ಮಂಟಪದ ಛಾವಣಿ: ಒಟ್ಟು ದಾರಿ ಸುಮಾರು 10 ಮೀಟರ್. ಎಫ್ 7 ದೊರೆತು, ಎರಡು ಸ್ಟಾಪ್ ನಷ್ಟದ ನಂತರ ಎಫ್ 3.6 ಮಾತ್ರ ಉಳಿಯುತ್ತದೆ. ಕ್ಯಾಮೆರಾದೊಂದಿಗೆ ಬರುವ ಸಾಮಾನ್ಯ 18-55 ಮಿ.ಮೀ. ಲೆನ್ಸ್ ಜೂಮ್ ಮಾಡಿದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ಪರಿಣಾಮವಾಗಿ ಪೂರ್ಣ ಶಕ್ತಿಯಲ್ಲಿ ಬೆಳಗಿದರೂ ಚಿತ್ರ ಕತ್ತಲಾಗುತ್ತದೆ. ಐಎಸ್‌ಒ ಪ್ರಮಾಣವನ್ನು 1600ಕ್ಕೆ ಏರಿಸಿದಲ್ಲಿ ಮಾತ್ರ ಎಫ್ 7ರ ಆಸುಪಾಸಿಗೆ ಮರಳಬಹುದು.

ಇದೇ ಸ್ಥಳದಲ್ಲಿ ಗೈಡ್ ನಂಬರ್ 18ರ ಚಿಕ್ಕ ಫ್ಲ್ಯಾಷ್ ಆಗಿದ್ದಲ್ಲಿ ಮೇಲಿನ ಎಲ್ಲ ಅಪರ್ಚರ್ ಸಂಖ್ಯೆಗಳೂ ಅರ್ಧಕ್ಕೆ ಇಳಿಯುತ್ತವೆ. ಎತ್ತರದ ಮಂಟಪಗಳಲ್ಲಿ ಹೆಚ್ಚಾಗಿ ಕೆಲಸ ಮಾಡುವವರಿಗೆ ಶಕ್ತಿಯುತ ಫ್ಲ್ಯಾಷ್ ಏಕೆ ಬೇಕು, ಮನೆಯೊಳಗಿನ ಸಣ್ಣ ಸಮಾರಂಭಗಳನ್ನಷ್ಟೇ ಚಿತ್ರಿಸುವವರಿಗೆ ಮಧ್ಯಮ ದರ್ಜೆಯದೇ ಏಕೆ ಸಾಕು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಛಾವಣಿಯ ಬಣ್ಣವೂ ಮುಖ್ಯ. ಬೆಳಕು ಯಾವ ಬಣ್ಣಕ್ಕೆ ಬಡಿದು ಹಿಂತಿರುಗುತ್ತದೆಯೋ ಆ ಬಣ್ಣವನ್ನು ಹೊತ್ತು ತರುತ್ತದೆ. ಹಸಿರು ಅಥವಾ ಕೆಂಪು ಬಟ್ಟೆಯ ಶಾಮಿಯಾನದ ಕೆಳಗೆ ಮೇಲಕ್ಕೆ ಬೆಳಗಿದರೆ ವಧೂವರರ ಮುಖಕ್ಕೂ ಅದೇ ಛಾಯೆ ಬರುತ್ತದೆ. ಮಂಗಳೂರು ಹೆಂಚಿನ ಮನೆಗಳಲ್ಲಿ ಕಪ್ಪಾದ ಮರದ ಜಂತಿಗಳು ಬೆಳಕನ್ನು ಬಹುಪಾಲು ನುಂಗಿಬಿಡುತ್ತವೆ. ತೆಂಗಿನ ಗರಿಯ ಚಪ್ಪರದಲ್ಲಿ ಬೆಳಕು ಸಂದುಗಳ ಮೂಲಕ ಸೋರಿಹೋಗುತ್ತದೆ. ಇಂತಹ ಕಡೆಗಳಲ್ಲಿ ಸಮೀಪದ ಬಿಳಿ ಗೋಡೆಯನ್ನಾಗಲಿ, ಫ್ಲ್ಯಾಷ್‌ಗೆ ಕಟ್ಟಿದ ಬಿಳಿ ಹಲಗೆಯನ್ನಾಗಲಿ, ಸ್ಟ್ಯಾಂಡಿಗೆ ಅಳವಡಿಸಿದ ಬಿಳಿ ಕೊಡೆಯನ್ನಾಗಲಿ ಬಳಸಬೇಕಾಗುತ್ತದೆ.

6. ಸ್ವಯಂಚಾಲಿತ ಅಳತೆ ಮತ್ತು ಕೈಯಾರೆ ನಿಯಂತ್ರಣ

ಟಿಟಿಎಲ್ ವ್ಯವಸ್ಥೆಯುಳ್ಳ ಫ್ಲ್ಯಾಷ್, ಚಿತ್ರ ತೆಗೆಯುವ ಕ್ಷಣಕ್ಕೆ ಮುನ್ನ ಸಣ್ಣ ಮಿಂಚನ್ನು ಬೀರುತ್ತದೆ. ಹಿಂತಿರುಗಿದ ಬೆಳಕನ್ನು ಕ್ಯಾಮೆರಾ ಲೆನ್ಸ್‌ನ ಮೂಲಕವೇ ಅಳೆದು ಮುಖ್ಯ ಬೆಳಕಿನ ಪ್ರಮಾಣವನ್ನು ನಿರ್ಧರಿಸುತ್ತದೆ. ನಿಕಾನ್‌ನ ಐ-ಟಿಟಿಎಲ್ 2003ರಲ್ಲಿಯೂ, ಕ್ಯಾನನ್‌ನ ಇ-ಟಿಟಿಎಲ್ ಎರಡನೇ ಆವೃತ್ತಿಯು 2004ರಲ್ಲಿಯೂ ಬಳಕೆಗೆ ಬಂದವು. ಜನರು ಹತ್ತಿರಕ್ಕೂ ದೂರಕ್ಕೂ ಓಡಾಡುತ್ತಿರುವ ಸಮಾರಂಭಗಳಲ್ಲಿ ಪ್ರತಿ ಬಾರಿಯೂ ಲೆಕ್ಕ ಹಾಕುವಷ್ಟು ಸಮಯ ಇರುವುದಿಲ್ಲವಾದ್ದರಿಂದ ಈ ಸೌಲಭ್ಯವು ಅವಶ್ಯಕ.

ಆದರೆ ಈ ವ್ಯವಸ್ಥೆಯೂ ತಪ್ಪು ಮಾಡುತ್ತದೆ. ಹೊಳೆಯುವ ಜರಿ ಸೀರೆ ಹಾಗೂ ಬಿಳಿ ಪಂಚೆ-ಶಲ್ಯಗಳು ಹೆಚ್ಚು ಬೆಳಕನ್ನು ಹಿಂತಿರುಗಿಸುವುದರಿಂದ ಕ್ಯಾಮೆರಾ ಮೋಸಹೋಗಿ ಫ್ಲ್ಯಾಷ್ ಅನ್ನು ತಗ್ಗಿಸುತ್ತದೆ, ಮುಖಗಳು ಕಪ್ಪಾಗುತ್ತವೆ. ಆಗ ಫ್ಲ್ಯಾಷ್ ಪರಿಹಾರ ಗುಂಡಿಯಿಂದ ಬೆಳಕನ್ನು ಒಂದು ಸ್ಟಾಪ್‌ನವರೆಗೆ ಏರಿಸಬೇಕು. ಈ ಗುಂಡಿಯು ಕತ್ತಲೆಯಲ್ಲಿಯೂ ಸುಲಭವಾಗಿ ಕೈಗೆ ಸಿಗುವಂತಿದೆಯೇ ಎಂಬುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಸ್ಟುಡಿಯೊದಲ್ಲಿ ಕುರ್ಚಿಯೂ, ಕ್ಯಾಮೆರಾವೂ, ಫ್ಲ್ಯಾಷ್ ಕೂಡ ಒಂದೇ ಸ್ಥಳದಲ್ಲಿ ಇರುವುದರಿಂದ ಅಲ್ಲಿ ಕೈಯಾರೆ ನಿಯಂತ್ರಣವೇ ಉತ್ತಮ. ಪೂರ್ಣ, ಅರ್ಧ, ಕಾಲು ಎಂದು ಕ್ರಮವಾಗಿ 1/128 ಭಾಗದವರೆಗೆ ಶಕ್ತಿಯನ್ನು ಇಳಿಸಬಹುದಾದ ಫ್ಲ್ಯಾಷ್ ಅನುಕೂಲಕರ. ಸ್ಟುಡಿಯೊ ಕೆಲಸವನ್ನಷ್ಟೇ ಮಾಡುವವರು ಟಿಟಿಎಲ್ ಇಲ್ಲದ ಕಡಿಮೆ ಬೆಲೆಯ ಫ್ಲ್ಯಾಷ್ ಕೊಂಡರೂ ನಷ್ಟವಿಲ್ಲ.

7. ಪುನಃ ಸಿದ್ಧವಾಗುವ ಅವಧಿ ಮತ್ತು ಬ್ಯಾಟರಿ

ಒಂದು ಬಾರಿ ಪೂರ್ಣ ಶಕ್ತಿಯಲ್ಲಿ ಬೆಳಗಿದ ಫ್ಲ್ಯಾಷ್ ಮತ್ತೆ ಸಿದ್ಧವಾಗಲು ಕೆಲವು ಸೆಕೆಂಡುಗಳು ಬೇಕು. ಈ ಅವಧಿಯಲ್ಲಿ ಕ್ಯಾಮೆರಾದ ಗುಂಡಿ ಒತ್ತಿದರೆ ಚಿತ್ರ ಬೆಳಕಿಲ್ಲದೆ ಮೂಡುತ್ತದೆ. ಅಕ್ಷತೆ ಹಾಕುವ ಸಮಯದಲ್ಲಿ ಒಂದರ ಹಿಂದೊಂದು ಚಿತ್ರ ತೆಗೆಯಬೇಕಾದವರಿಗೆ ಗೈಡ್ ನಂಬರ್‌ಗಿಂತಲೂ ಇದೇ ಹೆಚ್ಚು ಮುಖ್ಯವಾದ ಅಂಶ.

ಹೆಚ್ಚಿನ ಫ್ಲ್ಯಾಷ್‌ಗಳು ನಾಲ್ಕು ಎಎ ಸೆಲ್‌ಗಳಿಂದ ನಡೆಯುತ್ತವೆ. ಸಾಮಾನ್ಯ ಆಲ್ಕಲೈನ್ ಸೆಲ್‌ಗಳು ಬಳಸಿದಂತೆಲ್ಲ ನಿಧಾನವಾಗುತ್ತವೆ. ಪುನಃ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ವಿದ್ಯುತ್ತನ್ನು ವೇಗವಾಗಿ ಒದಗಿಸುವುದರಿಂದ ಫ್ಲ್ಯಾಷ್ ಬೇಗ ಸಿದ್ಧವಾಗುತ್ತದೆ. ಒಂದು ದಿನದ ಕೆಲಸಕ್ಕೆ ಕನಿಷ್ಠ ಮೂರು ಜೊತೆ, ಅಂದರೆ 12 ಸೆಲ್‌ಗಳು ಹಾಗೂ ಒಂದು ಉತ್ತಮ ಚಾರ್ಜರ್ ಇರಿಸಿಕೊಳ್ಳುವುದು ವಿಹಿತ. ಹೊಸ ಸೆಲ್‌ಗಳನ್ನು ಹಳೆಯವುಗಳೊಂದಿಗೆ ಬೆರೆಸಬಾರದು.

ಕೆಲವು ಫ್ಲ್ಯಾಷ್‌ಗಳು ಲಿಥಿಯಂ ಬ್ಯಾಟರಿಯೊಂದಿಗೆ ಬರುತ್ತವೆ. ಇವು ಬೇಗ ಸಿದ್ಧವಾಗುತ್ತವೆ, ಒಂದೇ ಚಾರ್ಜಿನಲ್ಲಿ ನೂರಾರು ಬಾರಿ ಬೆಳಗುತ್ತವೆ. ಆದರೆ ಬ್ಯಾಟರಿ ಮುಗಿದಾಗ ಹತ್ತಿರದ ಅಂಗಡಿಯಿಂದ ಸೆಲ್ ತಂದು ಹಾಕಲು ಬರುವುದಿಲ್ಲ. ಎರಡನೆಯ ಬ್ಯಾಟರಿಯ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಲಿಥಿಯಂ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇದೆಯೇ ಎಂದು ನೋಡತಕ್ಕದ್ದು. ಉಬ್ಬಿದ ಬ್ಯಾಟರಿಯನ್ನು ಬಳಸಬಾರದು, ಮನೆಯ ಕಸದೊಂದಿಗೆ ಎಸೆಯಲೂಬಾರದು.

ಪೂರ್ಣ ಶಕ್ತಿಯಲ್ಲಿ ಬಿಡುವಿಲ್ಲದೆ ಬೆಳಗಿದಲ್ಲಿ ಫ್ಲ್ಯಾಷ್ ಕಾಯ್ದು, ರಕ್ಷಣೆಗಾಗಿ ತಾನೇ ನಿಂತುಹೋಗಬಹುದು. ಐಎಸ್‌ಒ ಪ್ರಮಾಣವನ್ನು ತುಸು ಏರಿಸಿ ಫ್ಲ್ಯಾಷ್‌ನ ಹೊರೆಯನ್ನು ಇಳಿಸುವುದು ಇದಕ್ಕೆ ಸರಳ ಪರಿಹಾರ.

8. ಇತರ ಸೌಲಭ್ಯಗಳು

ಹೈ ಸ್ಪೀಡ್ ಸಿಂಕ್: ಸಾಮಾನ್ಯವಾಗಿ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ಸೆಕೆಂಡಿಗಿಂತ ವೇಗದ ಷಟರ್‌ನೊಂದಿಗೆ ಫ್ಲ್ಯಾಷ್ ಬಳಸಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ. ಈ ಸೌಲಭ್ಯವಿದ್ದಲ್ಲಿ ವೇಗದ ಷಟರ್‌ನಲ್ಲಿಯೂ ಬಳಸಬಹುದು, ಆದರೆ ಶಕ್ತಿ ಬಹಳ ಕುಗ್ಗುತ್ತದೆ. ಹಗಲು ಹೊರಾಂಗಣದಲ್ಲಿ ಭಾವಚಿತ್ರ ತೆಗೆಯುವವರಿಗೆ ಇದು ಉಪಯುಕ್ತ, ಒಳಾಂಗಣ ಕೆಲಸಕ್ಕೆ ಅನಿವಾರ್ಯವಲ್ಲ.

ನಿಸ್ತಂತು ನಿಯಂತ್ರಣ: ಫ್ಲ್ಯಾಷ್ ಅನ್ನು ಕ್ಯಾಮೆರಾದಿಂದ ದೂರವಿರಿಸಿ ಬೆಳಗಿಸಲು ಬೆಳಕಿನ ಸಂಕೇತ ಮತ್ತು ರೇಡಿಯೊ ಸಂಕೇತ ಎಂಬ ಎರಡು ವಿಧಾನಗಳಿವೆ. ಬೆಳಕಿನ ಸಂಕೇತವು ಬಿಸಿಲಿನಲ್ಲಿ ಹಾಗೂ ಕಂಬಗಳ ಮರೆಯಲ್ಲಿ ತಪ್ಪಿಹೋಗುತ್ತದೆ. ರೇಡಿಯೊ ವಿಧಾನವು ಹೆಚ್ಚು ಭರವಸೆಯದು. ಮುಂದೆ ಎರಡನೆಯ ಫ್ಲ್ಯಾಷ್ ಕೊಳ್ಳುವವರು ಎರಡೂ ಒಂದೇ ರೇಡಿಯೊ ಪದ್ಧತಿಯವು ಆಗಿರುವಂತೆ ನೋಡಿಕೊಳ್ಳಬೇಕು.

9. ಅರ್ಜಿಗಳಿಗೆ ಲಗತ್ತಿಸುವ ಭಾವಚಿತ್ರಗಳು

ಪಾಸ್‌ಪೋರ್ಟ್ ಹಾಗೂ ಇತರ ಗುರುತಿನ ದಾಖಲೆಗಳ ಭಾವಚಿತ್ರ ತೆಗೆಯುವ ಸ್ಟುಡಿಯೊಗಳಿಗೆ ಫ್ಲ್ಯಾಷ್ ಆಯ್ಕೆ ಮತ್ತೊಂದು ಕಾರಣಕ್ಕೂ ಮಹತ್ವದ್ದು. ಪಾಸ್‌ಪೋರ್ಟ್ ಭಾವಚಿತ್ರಗಳಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ ಮುಖದ ಎರಡೂ ಬದಿಗೆ ಸಮನಾದ ಬೆಳಕು ಇರಬೇಕು. ಮುಖದ ಮೇಲಾಗಲಿ ಹಿನ್ನೆಲೆಯಲ್ಲಾಗಲಿ ನೆರಳು, ಕೆಂಪು ಕಣ್ಣು ಹಾಗೂ ಫ್ಲ್ಯಾಷ್‌ನ ಪ್ರತಿಫಲನ ಇರಬಾರದು. ಚಿತ್ರ ತಿರಸ್ಕೃತವಾದಲ್ಲಿ ಅರ್ಜಿದಾರರು ಒಂದು ದಿನದ ಕೂಲಿಯನ್ನು ಬಿಟ್ಟು ಮತ್ತೊಮ್ಮೆ ಬರಬೇಕಾಗಬಹುದು.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಅರ್ಜಿದಾರರನ್ನು ಹಿನ್ನೆಲೆಯ ಪರದೆಯಿಂದ ಕನಿಷ್ಠ ಒಂದು ಮೀಟರ್ ಮುಂದೆ ಕೂರಿಸಿ, ಕೈಯಾರೆ ನಿಯಂತ್ರಣವಿರುವ ಎರಡು ಮಧ್ಯಮ ದರ್ಜೆಯ ಫ್ಲ್ಯಾಷ್‌ಗಳನ್ನು ಬಿಳಿ ಕೊಡೆಗಳೊಂದಿಗೆ ಎಡಬಲಗಳಲ್ಲಿ ಸಮಾನ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಇರಿಸಿದಲ್ಲಿ ಮೇಲ್ಕಂಡ ಬೆಳಕಿನ ದೋಷಗಳು ಬಹುಮಟ್ಟಿಗೆ ನಿವಾರಣೆಯಾಗುತ್ತವೆ.

10. ಒಂದು ದುಬಾರಿ ಫ್ಲ್ಯಾಷ್ ಅಥವಾ ಎರಡು ಮಧ್ಯಮ ದರ್ಜೆಯ ಫ್ಲ್ಯಾಷ್‌ಗಳು

ಛಾಯಾಗ್ರಹಣವನ್ನೇ ಜೀವನೋಪಾಯವಾಗಿ ಅವಲಂಬಿಸಿರುವವರ ದೃಷ್ಟಿಯಿಂದ ಹೇಳುವುದಾದರೆ, ಲಭ್ಯವಿರುವ ಪೂರ್ಣ ಮೊತ್ತವನ್ನು ಒಂದೇ ಉನ್ನತ ದರ್ಜೆಯ ಫ್ಲ್ಯಾಷ್‌ಗೆ ವಿನಿಯೋಗಿಸುವುದಕ್ಕಿಂತ ಒಂದೇ ಪದ್ಧತಿಯ ಎರಡು ಮಧ್ಯಮ ದರ್ಜೆಯ ಫ್ಲ್ಯಾಷ್‌ಗಳನ್ನು ಕೊಳ್ಳುವುದು ಹೆಚ್ಚು ಸಮಂಜಸ. ಫ್ಲ್ಯಾಷ್‌ನ ದೀಪದ ನಳಿಕೆ ಯಾವ ಮುನ್ಸೂಚನೆಯನ್ನೂ ನೀಡದೆ ಕೆಡಬಹುದು, ಕೈಜಾರಿ ಬಿದ್ದರೆ ಶೂವಿನ ಪಾದ ಮುರಿಯಬಹುದು. ಮುಹೂರ್ತದ ವೇಳೆಗೆ ಚೀಲದಲ್ಲಿ ಎರಡನೆಯದು ಇದ್ದಲ್ಲಿ ಕೆಲಸ ನಿಲ್ಲುವುದಿಲ್ಲ. ಉಳಿದ ದಿನಗಳಲ್ಲಿ ಅದೇ ಎರಡನೆಯ ಫ್ಲ್ಯಾಷ್ ಸ್ಟುಡಿಯೊದಲ್ಲಿ ದುಡಿಯುತ್ತದೆ. ನಿಯಮಿತವಾಗಿ ಎತ್ತರದ ಮಂಟಪಗಳಲ್ಲಿಯೇ ಕೆಲಸ ಮಾಡುವವರು ಮಾತ್ರ ಮೊದಲು ಒಂದು ಶಕ್ತಿಯುತ ಫ್ಲ್ಯಾಷ್ ಕೊಂಡು, ಆದಾಯ ಬಂದಂತೆ ಎರಡನೆಯದನ್ನು ಸೇರಿಸಿಕೊಳ್ಳಬಹುದು.

11. ಖರೀದಿಯ ಸಮಯದಲ್ಲಿ ಪಡೆಯಬೇಕಾದ ದಾಖಲೆಗಳು

(ಅ) ಬ್ಯಾಂಕ್ ಸಾಲಕ್ಕಾಗಿ ದರಪಟ್ಟಿ ಸಲ್ಲಿಸುವವರು ಫ್ಲ್ಯಾಷ್‌ನ ಬೆಲೆಯೊಂದಿಗೆ ಸೆಲ್‌ಗಳು, ಚಾರ್ಜರ್, ಟ್ರಿಗರ್, ಸ್ಟ್ಯಾಂಡ್ ಹಾಗೂ ಕೊಡೆಗಳ ಬೆಲೆಯನ್ನೂ ಅದೇ ದರಪಟ್ಟಿಯಲ್ಲಿ ನಮೂದಿಸಿಕೊಳ್ಳಬೇಕು. ಇವುಗಳನ್ನು ಮರೆತಲ್ಲಿ ನಂತರ ಕೈಯಿಂದ ಭರಿಸಬೇಕಾಗುತ್ತದೆ.

(ಆ) ಮಾದರಿಯ ಹೆಸರು ಹಾಗೂ ಕ್ರಮಸಂಖ್ಯೆ ನಮೂದಿಸಿದ ತೆರಿಗೆ ಬಿಲ್ ಪಡೆಯತಕ್ಕದ್ದು. ಬಿಲ್ ಬೇಡವೆಂದರೆ ಬೆಲೆ ಕಡಿಮೆ ಎಂಬ ಮಾತಿಗೆ ಒಪ್ಪಬಾರದು. ಬಿಲ್ ಇಲ್ಲದೆ ವಾರಂಟಿಯನ್ನಾಗಲಿ ಪರಿಹಾರವನ್ನಾಗಲಿ ಕೇಳುವುದು ಕಷ್ಟಸಾಧ್ಯ.

(ಇ) ಜಿಎಸ್‌ಟಿ ನೋಂದಣಿ ಹೊಂದಿದವರು ಬಿಲ್‌ನಲ್ಲಿ ತಮ್ಮ ನೋಂದಣಿ ಸಂಖ್ಯೆಯನ್ನು ನಮೂದಿಸಿಕೊಂಡಲ್ಲಿ ಹೂಡುವಳಿ ತೆರಿಗೆ ಜಮೆ ಪಡೆಯಲು ಅವಕಾಶವಿದೆ. ತೆರಿಗೆಯ ಭಾಗದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಕೇಳಿದ್ದಲ್ಲಿ ಈ ಜಮೆ ದೊರೆಯುವುದಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ದೊರೆಯುವುದಿಲ್ಲ.

(ಈ) ಆಮದಾದ ಫ್ಲ್ಯಾಷ್‌ನ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಮೂಲ ದೇಶ, ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕ ಸಂಪರ್ಕದ ವಿವರಗಳು ಇರತಕ್ಕದ್ದು. ಈ ವಿವರಗಳಿಲ್ಲದ ಪೆಟ್ಟಿಗೆಗೆ ಭಾರತದಲ್ಲಿ ವಾರಂಟಿ ದೊರೆಯುವ ಭರವಸೆ ಇರುವುದಿಲ್ಲ.

12. ದೋಷ ಕಂಡುಬಂದಲ್ಲಿ ಪರಿಹಾರ

ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಾದ್ದರಿಂದ ತಾವು ಗ್ರಾಹಕರೇ ಅಲ್ಲ ಎಂದು ಅನೇಕ ಛಾಯಾಗ್ರಾಹಕರು ಭಾವಿಸಿರುತ್ತಾರೆ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಸ್ವಯಂ ಉದ್ಯೋಗದಿಂದ ಜೀವನೋಪಾಯ ಗಳಿಸುವುದಕ್ಕಾಗಿಯೇ ವಸ್ತುವನ್ನು ಕೊಂಡು, ತಾವೇ ಬಳಸುವವರು ಗ್ರಾಹಕರ ವ್ಯಾಖ್ಯೆಗೆ ಒಳಪಡುತ್ತಾರೆ. ಈ ಅಂಶವನ್ನು ಸಣ್ಣ ಛಾಯಾಗ್ರಾಹಕರು ವಿಶೇಷವಾಗಿ ಗಮನಿಸುವುದು.

ಮೊದಲು ಮಾರಾಟಗಾರರಿಗೆ ಲಿಖಿತವಾಗಿ ದೂರು ನೀಡಿ ಪ್ರತಿಯನ್ನು ಇರಿಸಿಕೊಳ್ಳಬೇಕು. ಅಂತರಜಾಲದ ಮಾರಾಟ ತಾಣಗಳಲ್ಲಿ ಕೊಂಡಿದ್ದಲ್ಲಿ ಅಲ್ಲಿನ ಕುಂದುಕೊರತೆ ಅಧಿಕಾರಿಯು 48 ಗಂಟೆಗಳಲ್ಲಿ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕಾಗಿರುತ್ತದೆ. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ವಸ್ತುವಿನ ಮೌಲ್ಯವು 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ಮಾರಾಟಗಾರರು ಬೇರೆ ಊರಿನಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕ್ಯಾಮೆರಾ ತಯಾರಿಸಿದ ಸಂಸ್ಥೆಯ ಫ್ಲ್ಯಾಷ್ ಅನ್ನೇ ಕೊಳ್ಳಬೇಕೇ?
ಉತ್ತರ: ಕಡ್ಡಾಯವಲ್ಲ. ಇತರ ಸಂಸ್ಥೆಗಳ ಫ್ಲ್ಯಾಷ್‌ಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಆದರೆ ತಮ್ಮ ಊರಿನ ಸಮೀಪದಲ್ಲಿ ದುರಸ್ತಿ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿದ ನಂತರವೇ ನಿರ್ಧರಿಸುವುದು ಸೂಕ್ತ.

ಪ್ರಶ್ನೆ: ಬಳಸಿದ ಫ್ಲ್ಯಾಷ್ ಕೊಳ್ಳಬಹುದೇ?
ಉತ್ತರ: ಡಿಜಿಟಲ್ ಕಾಲದ ಮಾದರಿಯಾಗಿದ್ದಲ್ಲಿ ಕೊಳ್ಳಬಹುದು. ಪೂರ್ಣ ಶಕ್ತಿಯಲ್ಲಿ ಹತ್ತು ಬಾರಿ ಬೆಳಗಿಸಿ ನೋಡಬೇಕು. ಸೆಲ್ ಕೂರಿಸುವ ಜಾಗದಲ್ಲಿ ಕಿಲುಬು ಇದ್ದಲ್ಲಿ, ಮುಂಭಾಗದ ಗಾಜು ಕಂದಿದ್ದಲ್ಲಿ ಅಥವಾ ಪಾದ ಅಲುಗಾಡುತ್ತಿದ್ದಲ್ಲಿ ಕೊಳ್ಳಬಾರದು.

ಪ್ರಶ್ನೆ: ಕೆಟ್ಟ ಫ್ಲ್ಯಾಷ್ ಅನ್ನು ಮನೆಯಲ್ಲಿಯೇ ಬಿಚ್ಚಿ ದುರಸ್ತಿ ಮಾಡಬಹುದೇ?
ಉತ್ತರ: ಮಾಡಬಾರದು. ಸೆಲ್‌ಗಳನ್ನು ತೆಗೆದ ನಂತರವೂ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್‌ಗಳಷ್ಟು ವಿದ್ಯುತ್ ಉಳಿದಿರಬಹುದು. ಇದರ ಆಘಾತವು ಪ್ರಾಣಾಪಾಯ ತರಬಲ್ಲದು.

14. ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳ ಪಟ್ಟಿ

1) ತಮ್ಮ ಕ್ಯಾಮೆರಾದ ಮೇಲೆಯೇ ಕೂರಿಸಿ, ಬೆಳಗಿಸಿ ನೋಡಲಾಗಿದೆ.
2) ತಲೆಯು ಮೇಲಕ್ಕೂ ಪಕ್ಕಕ್ಕೂ ತಿರುಗುತ್ತದೆ.
3) ಗೈಡ್ ನಂಬರನ್ನು ಐಎಸ್‌ಒ 100, ಮೀಟರ್, 35 ಮಿ.ಮೀ. ಲೆಕ್ಕದಲ್ಲಿ ಹೋಲಿಸಲಾಗಿದೆ.
4) ತಾವು ಕೆಲಸ ಮಾಡುವ ಸ್ಥಳಗಳ ಛಾವಣಿಯ ಎತ್ತರ ಮತ್ತು ಬಣ್ಣವನ್ನು ಪರಿಗಣಿಸಲಾಗಿದೆ.
5) ಪೂರ್ಣ ಶಕ್ತಿಯ ನಂತರ ಪುನಃ ಸಿದ್ಧವಾಗುವ ಅವಧಿಯನ್ನು ಎಣಿಸಿ ನೋಡಲಾಗಿದೆ.
6) ಬ್ಯಾಟರಿ ಹಾಗೂ ಇತರ ಪರಿಕರಗಳ ವೆಚ್ಚವನ್ನು ಒಟ್ಟು ಮೊತ್ತಕ್ಕೆ ಸೇರಿಸಲಾಗಿದೆ.
7) ಬಿಲ್ ಮತ್ತು ವಾರಂಟಿ ಪತ್ರವನ್ನು ಪಡೆಯಲಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಇಲ್ಲಿ ನಮೂದಿಸಿರುವ ಮಾದರಿಗಳನ್ನು ವಿವರಣೆಗಾಗಿ ಉದಾಹರಿಸಲಾಗಿದ್ದು, ಯಾವುದೇ ಸಂಸ್ಥೆಯ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ. ಹೊಸ ಫ್ಲ್ಯಾಷ್ ಕೊಂಡವರು ಅದನ್ನು ಮೊದಲ ಬಾರಿಗೆ ಸಮಾರಂಭಕ್ಕೆ ಕೊಂಡೊಯ್ಯುವ ಮುನ್ನ ಕನಿಷ್ಠ ಒಂದು ವಾರ ತಮ್ಮ ಮನೆಯಲ್ಲಿಯೇ ಬಳಸಿ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.